ಅಸ್ತರ

ಮೋರ್ಜಿಯೊಳಗ ನನ್ನ ಅಂಗಡಿ ಅಂದ್ರ
ಶೇಟಗಾಂವಕರ ಬಾಯಿಯ ಪಡಸಾಲಿಯ ಒಂದು ಮೂಲಿ,
ಒಂದು ಮಷೀನು, ಒಂದು ಸ್ಟೂಲು,
ಹೊರಗ ರಷ್ಯನ್ ಅಕ್ಷರದ ಬೋರ್ಡು.
ಬರದಾಂವ ಅರ್ಕಾದಿ.
ಏನ್ ಬರದಾನೋ ದೇವ್ರಿಗೇ ಗೊತ್ತು,
ಗಿರಾಕಿ ಮಾತ್ರ ನಕ್ಕೋಂತ ಒಳಗ ಬರ್ತಾರ.

ಮೊದಲ ಸಲ ಬಂದಾಗ ಮೇ ತಿಂಗಳು.
ಮೀನ ಒಣಗಿಸೂ ಬಿಸಲು. ತೋಳ ಮ್ಯಾಲ
ನೆನದ ಕಂಬಳಿಗಿಂತ ಭಾರದ ಕೋಟು.
ಅಸ್ತರ ಹರದೈತಿ, ಹೊಸಾದು ಹಾಕು ಅಂದ
ಹರಕ ಹಿಂದಿಯೊಳಗ. ನಂದೂ ಹರಕ ಹಿಂದಿನೇ.
ಈ ಸೆಕಿಯಾಗ ಯಾಕೋ ಮಾರಾಯ ಇದು, ಅಂದ್ನಿ.
ನಾ ವಾಪಸ್ ಹೋಗೂ ದಿನ
ಅಲ್ಲೆ ಚಳಿ ಇರ್ತೈತಿ, ಅಂದ.
ಅರ್ಜಂಟ್ ಇಲ್ಲ.

ನಾಳಿ ಬರ್ರಿ, ಅಂದ್ನಿ. ಎಲ್ಲಾರಿಗೂ ಅನ್ನೂ ಮಾತದು.
ಅಂವ ಖರೇನ ಮರುದಿನ ಬಂದ. ಅದರ ಮರುದಿನಾನೂ.
ಕೋಟಿಗೆ ಸೂಜಿ ತಾಗಲಿಲ್ಲ, ಚಾ ಮಾತ್ರ ತಪ್ಪಲಿಲ್ಲ.
'ನಾಳಿ ಬರ್ರಿ' ಅಂದ್ರ ನಮಸ್ಕಾರ ಅಂತ ತಿಳದು
ಹೋಗೂ ಮುಂದ ನನಗೇ ಅಂತಿದ್ದ: ನಾಳಿ ಬರ್ರಿ.
ತಿದ್ದಲಿಲ್ಲ ನಾ.

ಭೂಗೋಳದ ಮಾಸ್ತರ ಆಗಿದ್ನಂತ.
ಯುದ್ಧ ಸುರು ಆದ ವಾರ, ಮಕ್ಕಳ ಮುಂದ ಓದ್ರಿ ಅಂತ
ಮ್ಯಾಲಿಂದ ಒಂದು ಕಾಗದ ಬಂತು. ಓದಲಿಲ್ಲ.
ಅಷ್ಟೇ.
ಕೂಗಿಲ್ಲ, ಕಲ್ಲು ತೂರಿಲ್ಲ,
ನಾಕು ಮಡಿಕಿ ಮಾಡಿ ಕಿಸೆದಾಗ ಇಟ್ಟು
ನದಿಗಳ ಹೆಸರು ಕೇಳಿದ ಹುಡುಗರ್ನ.
ಹಿಂದಿನ ಬೆಂಚಿನಾಕಿ ಫೋನಿನಾಗ ಹಿಡದಿದ್ಲು.
ಆಕಿ ಮ್ಯಾಲ ಸಿಟ್ಟಿಲ್ಲೇನು, ಅಂದ್ರ
ನಕಾಶಿ ಛಲೋ ತಗೀತಿದ್ಲು, ಅಂತಾನ.

ಇನ್ನಾಳ ಮನಿಗೆ ಪಡದೆ ಅಳತಿ ತಗೊಳ್ಳಾಕ ಹೋಗಿದ್ನಿ.
ಎಂಟು ಮಂದಿ, ಒಂದು ಫ್ಯಾನು.
ವಕೀಲಿ ಮಾಡತಿದ್ದಾಕಿ ಹಿಟ್ಟು ನಾದಾಕತ್ತಿದ್ಲು,
ಪೇಪರಿಗೆ ಬರೀತಿದ್ದಾಂವ ಉಳ್ಳಾಗಡ್ಡಿ ಹೆಚ್ಚತಿದ್ದ.
ನಾಳೆ ಬೀಚಿನಾಗ ಮಾರೂ ಕಡಬು.
ಜಗಳ ನಡದಿತ್ತು. ಮಾತು ತಿಳೀಲಿಲ್ಲ, ಜಗಳ ತಿಳೀತು:
ಯಾರು ಮೊದಲ ಓಡಿದ್ರು,
ಯಾರು ಸಹಿ ಹಾಕಿ ಆಮ್ಯಾಲ ಓಡಿದ್ರು.
ಅಷ್ಟರಾಗ ಒಬ್ಬನ ಫೋನು ಹೊಡಕೊಂತು. ಎಲ್ಲಾರೂ ಗಪ್ಪ.
ಆ ಕಡೆ ಮುದುಕಿಯ ದನಿ.
ಅರ್ಧ ತಾಸು ಬರೇ ಹವಾಮಾನ ಮಾತಾಡಿದ,
ಅಲ್ಲೆ ಎಷ್ಟು ಹಿಮ, ಇಲ್ಲೆ ಎಷ್ಟು ಬಿಸಲು.
ಅರ್ಕಾದಿ ತನ್ನ ಕಿವಿ ಮುಟ್ಟಿ ತೋರಿಸಿದ ನನಗ:
ಕೇಳಾವ್ರು ಇರ್ತಾರ.

ನಿನ್ನೂರು ಯಾವುದು, ಅಂದ ಒಂದಿನ.
ಘಟಪ್ರಭಾ ದಂಡಿ, ಈಗ ಆಲಮಟ್ಟಿ ಹಿನ್ನೀರಾಗ ಐತಿ ಅಂದ್ನಿ.
ಫೋನಿನಾಗ ನಕಾಶಿ ತಗದು ಹಿಗ್ಗಿಸಿದ. ನೀಲಿ.
ಮತ್ತ ಹಿಗ್ಗಿಸಿದ. ನೀಲಿ.
ಬೆರಳಿಟ್ಟು ತೋರಿಸಿದ್ನಿ:
ಇದು ಹಗೇವು, ಇದು ದ್ಯಾಮವ್ವನ ಕಟ್ಟಿ,
ಇಲ್ಲಿ ನನ್ನ ಲಗ್ನದಾಗ ಸೋದರಮಾವನ ಚಪ್ಪಲಿ ಕಳದಿತ್ತು.
ಮಾಸ್ತರ ನೀರಿನ ಮ್ಯಾಲ ಒಂದು ಗುರುತು ಹಾಕಿಟ್ಟ.

ಹಂಗಂತ ಇಬ್ಬರೂ ಸಮಾ ಅಲ್ಲ.
ಅವನಿಗೆ ಈ ಊರಾಗ ಸರ್, ನನಗ ಘಾಂಟಿ.
ಅದನ್ನೂ ಹೇಳೇಬಿಟ್ನಿ.
ಅಂವ ಕೆಂಪಾದ, ಬಿಸಲಿಗೋ ಏನೋ.

ಪಾಸ್‌ಪೋರ್ಟಿನ ತಾರೀಕು ಮುಗೀತು.
ಹೊಸಾದು ಬೇಕಂದ್ರ ಯಾರಿಗೆ ಅಂಜಿ ಬಂದನೋ
ಅವ್ರದೇ ಕಿಡಕಿ ಮುಂದ ನಿಂದರಬೇಕು, ಮುಂಬೈಯಾಗ.
ಎರಡು ಸಲ ನಿಂತು ಬಂದ.
ನಾಳಿ ಬರ್ರಿ ಅಂದ್ರು, ಅಂತ ನಗಾಕ ನೋಡಿದ.
ಆಗ ಗೊತ್ತಾತು, ಅದರ ಅರ್ಥ ಅವನಿಗೆ
ಮೊದಲಿಂದಲೂ ಗೊತ್ತಿತ್ತಂತ.

ಜುಲೈದಾಗ ಖೋಲಿಗೆ ಕೀಲಿ.
ಬ್ಯಾರೆ ದೇಶ, ಹೆಸರು ಹೇಳಬ್ಯಾಡ ಅಂದಾನ, ಅಂದ್ಲು ಇನ್ನಾ.

ಆರು ತಿಂಗಳು ದಾಟಿದ್ದನ್ನ ಮಾರೂದು ಅಂಗಡಿ ರೂಢಿ.
ಹದಿನಾಲ್ಕು ಆದುವು.
ಬೂಸರ ಹಿಡೀಬಾರದಂತ ಮೊನ್ನೆ ಬೇವಿನೆಲಿ ತಂದು
ಕಡೀಕೂ ಹಳೇ ಅಸ್ತರ ಬಿಚ್ಚಿದ್ನಿ.
ತೂತುಬಿದ್ದ ಕಿಸೆದಿಂದ ಜಾರಿ, ಕೆಳ ಅಂಚಿನಾಗ,
ನಾಕು ಮಡಿಕಿಯ ಕಾಗದ. ಮ್ಯಾಲ ಮುದ್ರಿ.
ನನಗ ಓದಾಕ ಬರೂದಿಲ್ಲ.
ಅಂವನೂ ಓದಿಲ್ಲ.

ಹೊಸ ಅಸ್ತರ ಹಾಕಿ, ಅದನ್ನ ಅಲ್ಲೇ ಇಟ್ಟು ಹೊಲದೇನಿ.
ಕಚ್ಚಾ ಹೊಲಿಗಿ,
ದಾರ ಜಗ್ಗಿದ್ರ ಬಿಚ್ಚತೈತಿ.