ಮುಂದೆ ಎಂದರೆ

ಕ್ಯಾಪ್ಟನ್ ಹೋಲ್ಟ್‌ಹಾಫ್ ಜರ್ಮನ್ನಿನಲ್ಲಿ ಕೂಗುತ್ತಿದ್ದ.
ಲೆಫ್ಟಿನೆಂಟ್ ಅರಾಮಾಯೋ ಅದನ್ನು ಸ್ಪ್ಯಾನಿಷ್‌ಗೆ ಇಳಿಸುತ್ತಿದ್ದ.
ಕೊನೆಗೆ ನಾನು, ಕಾರ್ಪೊರಲ್ ಫೆರ್ಮಿನ್ ಕಾಲಿಸಾಯ,
ಎರಡು ಬೊಲಿವಿಯಾನೊ ಹೆಚ್ಚಿನ ಸಂಬಳಕ್ಕೆ
ಐಮಾರಾ ಮಾಡಿ ಹೇಳುತ್ತಿದ್ದೆ.
ಅಷ್ಟು ಹೊತ್ತೂ ಇನ್ನೂರು ಹುಡುಗರು
ಒಂದು ಕಾಲು ಗಾಳಿಯಲ್ಲಿಟ್ಟು ಕಾಯುತ್ತಿದ್ದರು.

ಒರೂರೊ. ಹನ್ನೆರಡು ಸಾವಿರ ಅಡಿ. ಜೂನ್ ತಿಂಗಳ ಬೆಳಗು.
ಮೂಗಿನ ಕೆಳಗೆ ಉಸಿರೇ ಹರಳುಗಟ್ಟುವ ಚಳಿ.
ತಲೆಯ ಮೇಲೆ ಮೊಳೆ ನೆಟ್ಟ ತೊಗಲಿನ ಟೋಪಿ,
ಪುಸ್ತಕದ ಪ್ರಕಾರ. ಕಾಲು ಸೊಂಟದ ಎತ್ತರಕ್ಕೆ,
ಮೊಣಕಾಲು ಮಡಿಸದೆ, ಪುಸ್ತಕದ ಪ್ರಕಾರ.
ದಪ್ಪ ಗಾಳಿ ಕುಡಿದು ಬೆಳೆದವರು ಬಯಲುನಾಡಿನಲ್ಲಿ ಕೂತು ಬರೆದದ್ದು.
ಇಲ್ಲಿಯ ಗಾಳಿ ತೆಳು, ನೀರು ಬೆರೆಸಿದ ಗಂಜಿಯ ಹಾಗೆ.
ಮೂರನೇ ಸುತ್ತಿಗೆ ಸಾಲಿನಲ್ಲೊಬ್ಬ ಕುಸಿಯುತ್ತಿದ್ದ;
ಕ್ಯಾಪ್ಟನ್ ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದ.

ಕೆಟ್ಟವನಲ್ಲ. ಬೂಟಿಗೆ ಪಾಲಿಷ್ ಹಚ್ಚುವುದನ್ನು
ಪಕ್ಕದಲ್ಲಿ ಕೂತು ತಾನೇ ಕಲಿಸಿದ.
ಮರಳಿನ ತಟ್ಟೆಯಲ್ಲಿ ಗುಡ್ಡ ಮಾಡಿ, ಬೆರಳಲ್ಲಿ ಹೊಳೆ ಎಳೆದು
ಶತ್ರು ಇಲ್ಲಿ, ನಾವು ಇಲ್ಲಿ ಅನ್ನುತ್ತಿದ್ದ.
'ಯಾವ ಹೊಳೆ ಅದು?' ಸಾಟುಕೊ ಕೇಳಿದ.
'ಯಾವುದಾದರೂ.'
ಹೆಸರು ಹಿಡಿದು ಅಪ್ಪಣೆ ಕೇಳದೆ ನಮ್ಮವರು ಹೊಳೆ ದಾಟುವುದಿಲ್ಲ.
ಆ ದಿನದ ಪಾಠ ದಡದಲ್ಲೇ ನಿಂತಿತು.

ನನ್ನ ನಾಲಗೆಗೆ ತೊಡಕಾದದ್ದು ಒಂದೇ ಪದ: ಮುಂದೆ.
ನಮ್ಮಲ್ಲಿ ನಾಯ್ರ ಅಂದರೆ ಕಣ್ಣು, ನಾಯ್ರ ಅಂದರೆ ಎದುರು,
ನಾಯ್ರ ಅಂದರೆ ಆಗಿಹೋದ ಕಾಲ.
ಕಂಡದ್ದು ತಾನೇ ಕಣ್ಣೆದುರು ಇರುವುದು?
ನಾಳೆ ಬೆನ್ನ ಹಿಂದೆ. ಅದನ್ನು ನೋಡಿದವರು ಯಾರು?
'ಮುಂದೆ ನಡೆ!' ಅಂತ ನಾನು ಕೂಗಿದಾಗೆಲ್ಲ
ಇನ್ನೂರು ಹುಡುಗರು
ಅಜ್ಜ ಮುತ್ತಜ್ಜರ ಕಡೆಗೆ ಕಾಲೆತ್ತಿ ಹಾಕುತ್ತಿದ್ದರು.
ಕ್ಯಾಪ್ಟನ್ನನಿಗೆ ನಾನಿದನ್ನು ಹೇಳಲಿಲ್ಲ.
ಸಾಲು ನೇರವಾಗಿತ್ತು; ಅವನಿಗೆ ಅಷ್ಟು ಸಾಕು.

ಇಪ್ಪತ್ತು ವರ್ಷ ಕಳೆದು ಚಾಕೊ ಯುದ್ಧ.
ಕ್ಯಾಪ್ಟನ್ ಎಂದೋ ಊರಿಗೆ ಹೋಗಿದ್ದ, ಪುಸ್ತಕ ಉಳಿದಿತ್ತು.
ಸಾಟುಕೊನ ಮಗ ರೈಲು ಇಳಿದು, ಲಾರಿ ಇಳಿದು, ನಡೆದ.
ಮುಳ್ಳುಕಾಡು, ಕಾದ ಧೂಳು, ಸೊಳ್ಳೆ,
ಮೈಮೇಲೆ ಚಳಿನಾಡಿನ ಉಣ್ಣೆ ಕೋಟು.
ಪುಸ್ತಕದಲ್ಲಿ ಕಂದಕ ತೋಡುವ ಅಳತೆ ಇತ್ತು,
ನೀರು ಎಲ್ಲಿ ಅಂತ ಇರಲಿಲ್ಲ.
ಗುಂಡು ತಾಗಿ ಸಾಯಲಿಲ್ಲ ಅವನು. ಬಾಯಾರಿ ಸತ್ತ.
ಕೊನೆಗೆ ಕಂದಕದ ಗೋಡೆ ನೆಕ್ಕುತ್ತಿದ್ದನಂತೆ.
ಗೋಡೆ ಮಾತ್ರ ಅಳತೆಗೆ ಸರಿಯಾಗಿತ್ತು
ಅಂದ ಜೊತೆಗಿದ್ದವನು, ನಗದೆ.

ಈಗ ನನಗೆ ಕಿವಿ ಮಂದ. ಆಗಸ್ಟಿನ ಕವಾಯತಿಗೆ
ಮೊಮ್ಮಗಳು ಎಲ್ವೀರ ಬಾಗಿಲಲ್ಲಿ ಕುರ್ಚಿ ಹಾಕುತ್ತಾಳೆ.
ಅದೇ ತುತ್ತೂರಿ, ಅದೇ ಮಡಿಯದ ಮೊಣಕಾಲು.
'ನಮ್ಮ ನಡಿಗೆ ಎಷ್ಟು ಚೆಂದ, ತಾತ!'
ನಮ್ಮ ನಡಿಗೆ. ಇರಲಿ, ಬೆವರಂತೂ ನಮ್ಮದೇ.
ಕೋಕಾ ಎಲೆ ಮಾರುವವಳೊಬ್ಬಳು ಗಂಟು ಹೊತ್ತು
ಅವರ ಪಕ್ಕದಲ್ಲೇ ಏರು ಹತ್ತಿ ದಾಟಿ ಹೋಗುತ್ತಾಳೆ,
ಮೊಣಕಾಲು ಮಡಿಸಿ, ಮೂಳೆ ಬಲ್ಲ ಹಾಗೆ.

ಇಂದಿಗೂ ಯಾರಾದರೂ 'ಮುಂದೆ!' ಅಂದರೆ
ನನ್ನ ಎಡಗಾಲು ತಾನಾಗಿ ಏಳುತ್ತದೆ.
ಎದುರಿಗೆ ಸಾಟುಕೊ, ಹತ್ತೊಂಬತ್ತರ ಹುಡುಗ,
ಒಂಟಿ ಕಾಲಲ್ಲಿ ನಿಂತು
ನಾನಿನ್ನೂ ಹೇಳದ ಮಾತಿಗೆ ಕಾಯುತ್ತಿರುತ್ತಾನೆ.