ಹಲಗೆಯ ಕೆಳಗಿನ ಅರ್ಧ

ಮೇಲಿನ ಅರ್ಧ ಅಡುಗೆಯವರದು:
ಬೆಳಿಗ್ಗೆ ಖುಬೂಸು, ಬೇಳೆ. ಮಧ್ಯಾಹ್ನ ಮೀನು. ರಾತ್ರಿ ಉಳಿದ ಮೀನು.
ಕೆಳಗಿನ ಅರ್ಧ, ಯಾರೂ ಕೊಡದಿದ್ದರೂ, ನನ್ನದು.
ಸೊಹಾರಿನ ಈ ಕ್ಯಾಂಪಿನಲ್ಲಿ ಕನ್ನಡ ಓದಬಲ್ಲವರು ಹನ್ನೊಂದು ಜನ.
ಆರು ವರ್ಷದಿಂದ, ನಾಲ್ಕಕ್ಕೆ ಎದ್ದು,
ಮೊದಲ ಬಸ್ಸು ಹಾರ್ನ್ ಹೊಡೆಯುವುದರೊಳಗೆ
ನೀಲಿ ಮಾರ್ಕರಿನಲ್ಲಿ ದಿನಕ್ಕೊಂದು ಅಭಿಪ್ರಾಯ.

ಹಾಜರಿ ಬರೆಯುವವನು ನಾನು. ಯಾರು ಬಂದರು, ಯಾರು ಬರಲಿಲ್ಲ,
ಅದರಲ್ಲಿ ನನ್ನ ಮಾತಿಗೆ ಜಾಗವಿಲ್ಲ.
ಹಾಗಾಗಿ ಶುರುವಾಯಿತು ಇದು:
"ಹುಣಸೆ ಹಿಂಡಿದ ಮಾತ್ರಕ್ಕೆ ಬೇಳೆನೀರು ಸಾಂಬಾರಾಗದು."
ಅಡುಗೆಯ ಕುಂಞಿಮೋನು ಯಾರಿಂದಲೋ ಓದಿಸಿಕೊಂಡು
ಮೂರು ದಿನ ನನಗೆ ಬಡಿಸಿದ್ದು ತಳ ಹಿಡಿದ ಅನ್ನ.
ಬರೆದದ್ದಕ್ಕೆ ತೂಕವಿದೆಯೆಂದು ಗೊತ್ತಾದದ್ದು ಹಾಗೆ.

ಮೊದಮೊದಲು ಜಗತ್ತಿನ ಬಗ್ಗೆ ಬರೆದೆ.
ಎಣ್ಣೆಯ ಬೆಲೆ, ಯುದ್ಧ, ಎರಡು ದೇಶಗಳಿಗೆ ಬುದ್ಧಿವಾದ.
ಅವು ಕೇಳಲಿಲ್ಲ.
ಆಮೇಲೆ ಸಂಬಳದ ಬಗ್ಗೆ ಒಂದು ಸಾಲು. ಅದನ್ನು ಕೇಳಿಸಿಕೊಂಡರು.
ಸೂಪರ್‌ವೈಸರ್ ಕರೆದು, ಚಹಾ ಕೊಟ್ಟು, ನಕ್ಕು ಹೇಳಿದರು:
ಹವಾಮಾನದ ಬಗ್ಗೆ ಬರಿ, ಒಳ್ಳೆಯ ವಿಷಯ.
ಬರೆದೆ: "ಈ ತಿಂಗಳ ಸೆಖೆ ಹದಿನೈದು ದಿನ ತಡ.
ಕಳೆದ ತಿಂಗಳ ಸೆಖೆಯಲ್ಲೂ ಅರ್ಧ ಬಾಕಿ."
ಹನ್ನೊಂದು ಜನ ತಟ್ಟೆ ಹಿಡಿದು ನಗುತ್ತ ನಿಂತದ್ದು
ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಇದಿನಬ್ಬ ಗಟ್ಟಿಯಾಗಿ ಓದುತ್ತಾನೆ, ಪಕ್ಕದ ಮೊಫಿಜುಲ್‌ಗೆ
ಹಿಂದಿಯಲ್ಲಿ ಹೇಳುತ್ತಾನೆ, ಮೊಫಿಜುಲ್ ತನ್ನವರಿಗೆ ಬಂಗಾಳಿಯಲ್ಲಿ.
ಸಂಜೆ ನನ್ನ ಮಾತು ನನ್ನ ಹತ್ತಿರ ವಾಪಸು ಬರುವಾಗ
ಅದಕ್ಕೆ ಮೀಸೆ ಬಂದಿರುತ್ತದೆ.
"ಬಾಡಿಗೆ ಮನೆಯಲ್ಲಿ ಗಿಡ ನೆಡಬಾರದು" ಎಂದು ನಾನಂದರೆ
"ಮದುವೆಯೇ ಬೇಡವಂತೆ?" ಎಂದು ಅವರು ಜಗಳಕ್ಕೆ ನಿಲ್ಲುತ್ತಾರೆ.
ಯೋಚಿಸಿದರೆ ಅವರದ್ದೇ ಇನ್ನೂ ಚೆನ್ನಾಗಿರುತ್ತದೆ.

ಒಮ್ಮೆ ಹೆಸರು ಹೇಳದೆ ಗೊರಕೆಯ ಬಗ್ಗೆ ಬರೆದೆ.
ಹನ್ನೊಂದು ಜನರ ನಡುವೆ
ಹೆಸರು ಹೇಳದಿರುವುದೆಂದರೆ ಕೂಗಿ ಹೇಳಿದಂತೆ.
ಜೆರೋಮ್ ತಾವ್ರೊ ಹಾಸಿಗೆ ಸುತ್ತಿಕೊಂಡು
ಪೈಪಿನ ಗೋದಾಮಿಗೆ ಮಲಗಲು ಹೋದ.
ಮರುದಿನ ತಿದ್ದುಪಡಿ ಬರೆದೆ, ದೊಡ್ಡ ಅಕ್ಷರದಲ್ಲಿ.
ಅವನು ಹಲಗೆಗೆ ಬೆನ್ನು ಮಾಡಿ ಬೇಳೆ ಹಾಕಿಸಿಕೊಂಡ.
ಓದುಗರು ಹತ್ತು.

ವಾಮನ ಸಾಲ್ಯಾನ್ ಮಾತ್ರ ಬರೆದಿಟ್ಟುಕೊಳ್ಳುತ್ತಾನೆ,
ಸಿಮೆಂಟು ಕಂಪನಿಯ ಹಳೆ ಡೈರಿಯಲ್ಲಿ, ತಾರೀಕು ಸಹಿತ.
ಮೊನ್ನೆ ತೆಗೆದು ತೋರಿಸಿದ:
ಮಾರ್ಚ್ ಒಂಬತ್ತು, "ಮೌನವೇ ಮರ್ಯಾದೆ."
ಜೂನ್ ಎರಡು, "ಸುಮ್ಮನಿದ್ದವನೂ ಪಾಲುದಾರ."
ಯಾವುದು ಹಿಡಿಯಬೇಕು, ರೈಟರೇ?
ಏನು ಹೇಳಲಿ. ನಂಬಿಕೆ ನಿಧಾನಕ್ಕೆ ಏಳುತ್ತದೆ, ಹಲ್ಲುಜ್ಜುತ್ತದೆ;
ಅಭಿಪ್ರಾಯಕ್ಕೆ ನಾಲ್ಕು ಮುಕ್ಕಾಲಿನ ಬಸ್ಸು.
ಎಷ್ಟೋ ಬೆಳಿಗ್ಗೆ ಏನೂ ಅನ್ನಿಸಿರಲಿಲ್ಲ.
ಅನ್ನಿಸಿದವನಂತೆ ಬರೆದೆ. ಬರೆದ ಮೇಲೆ
ಮಧ್ಯಾಹ್ನದ ಹೊತ್ತಿಗೆ ನಿಜಕ್ಕೂ ಅನ್ನಿಸತೊಡಗಿತು.
ಇದು ಸುಳ್ಳೋ, ಅಭ್ಯಾಸವೋ,
ಇದರ ಬಗ್ಗೆ ಮಾತ್ರ ಅಭಿಪ್ರಾಯವಿಲ್ಲ.

ಒರೆಸುವುದು ಅಂಗೈಯಲ್ಲಿ. ಡಸ್ಟರಿಗೆ ಅರ್ಜಿ ಕೊಟ್ಟು ಮೂರು ವರ್ಷ.
ನಿನ್ನೆಯ ಖಚಿತ ಮಾತು ಕೈಗೆರೆಯಲ್ಲಿ ನೀಲಿಯಾಗಿ ಕೂತು
ಅನ್ನ ಕಲಸುವಾಗ ಸ್ವಲ್ಪ ಹೊಟ್ಟೆಗೂ ಹೋಗುತ್ತದೆ.

ಕಳೆದ ವಾರ ಜ್ವರ. ಎರಡು ದಿನ ಏಳಲಿಲ್ಲ.
ಮೂರನೆಯ ಬೆಳಿಗ್ಗೆ ಕಂಬಳಿ ಹೊದ್ದು ಮೆಸ್ಸಿಗೆ ಹೋದರೆ
ಕೆಳಗಿನ ಅರ್ಧ ಖಾಲಿಯಿರಲಿಲ್ಲ.
ಬೇರೆಯ ಕೈ, ಒತ್ತಿ ಬರೆದ ಓರೆ ಅಕ್ಷರ:
"ರೈಟರಿಗೆ ಜರ. ಅಬಿಪ್ರಾಯ ಇಲ್ಲ.
ನನ್ನ ಅಬಿಪ್ರಾಯ: ಅವನು ಮೊಸರು ತಿನ್ನಬಾರದು."
ಅದರಡಿ ಇನ್ನೊಬ್ಬ: "ತಿಂದರೆ ಏನೂ ಆಗುದಿಲ್ಲ."
ಪಕ್ಕದಲ್ಲಿ ಬಂಗಾಳಿಯಲ್ಲಿ ಉದ್ದಕ್ಕೆ ಏನೋ,
ಜಾಗ ಸಾಲದೆ ಮೇಲೆ ಹತ್ತಿ
ಮಧ್ಯಾಹ್ನದ ಮೀನನ್ನು ಮುಟ್ಟಿತ್ತು.
ಆ 'ಜ'ದ ಕೊಂಡಿ ನನಗೆ ಗೊತ್ತು.
ಹಾಜರಿ ಪುಸ್ತಕದಲ್ಲಿ ದಿನಾ ನೋಡುವಂಥದ್ದು.

ಆರು ವರ್ಷದಲ್ಲಿ ಮೊದಲ ಸಲ ಓದುವವನಾಗಿ
ತಟ್ಟೆ ಹಿಡಿದು ಸಾಲಿನಲ್ಲಿ ನಿಂತೆ.
ಹಿಂದಿದ್ದವರು, ಬೇಗ ನಡಿ ಮಾರಾಯ, ಎಂದರು.
ಒರೆಸಲು ಎತ್ತಿದ ಕೈಯನ್ನು ಹಾಗೇ ಮುಂದೆ ಚಾಚಿ
ಕುಂಞಿಮೋನುವಿಗೆ ಹೇಳಿದೆ:
ಮೊಸರು.