ಜೇಬಿನ ತೂತು

ಕಂಡಕ್ಟರ್ ಕಲೇರ್ವೊನ ಕೋಟು ಹೊಲಿದವಳು ನಾನು,
ಹೆಲ್ಸಿಂಕಿಯ ಸ್ಟುಡಿಯೋದಲ್ಲಿ, ಹತ್ತೊಂಬತ್ತರ ಹರೆಯದಲ್ಲಿ.
ಬಲಜೇಬಿಗೆ ಬೇಕೆಂದೇ ಒಂದು ತೂತು:
ಟ್ರಾಮು ತಿರುಗಿದಾಗೆಲ್ಲ
ಚಿಲ್ಲರೆ ಉರುಳಬೇಕು, ಇವನು ಬಗ್ಗಬೇಕು,
ಯಾರದೋ ಮಂಡಿಗೆ ಟೋಪಿ ತಗಲಿ
‘ಕ್ಷಮಿಸಿ’ ಅನ್ನಬೇಕು,
ಮಂಡಿಗೇ.

ಆಮೇಲೆ ಬಣ್ಣದ ಚಿತ್ರ ಬಂತು.
ಹೊಸ ಕೋಟು, ಹೊಸ ಮಾತು,
ಮಾತಿಗೊಂದು ಚಪ್ಪಾಳೆ.
ಜೇಬು ಭದ್ರ.
ಮೂಗು, ಮೀಸೆ, ಟೋಪಿ ಎಲ್ಲ ಅವನವೇ;
ಆಸಾಮಿ ಮಾತ್ರ ಬೇರೆ.
ಅರ್ಧಕ್ಕೇ ಎದ್ದು ಬಂದೆ.

ಮೊನ್ನೆ ಮೊಮ್ಮಗಳು ಸೈಮಿ ಧಾರಾವಾಹಿ ಹಾಕಿದಳು.
‘ಈ ಸಲ ಅವನು ಹೆಂಗಸಾಗಿದ್ದಾನೆ ಅಜ್ಜಿ, ಬೈಯಬೇಡ.’
ಬೈಯಲೆಂದೇ ಬಾಯಿ ತೆರೆದು ಕೂತೆ.
ಟ್ರಾಮಿಲ್ಲ, ಚಿಲ್ಲರೆಯಿಲ್ಲ, ಆ ಕೋಟೂ ಇಲ್ಲ,
ಮೆಟ್ರೋದಲ್ಲಿ ದಢೂತಿ ಹೆಂಗಸೊಬ್ಬಳು
ಟಿಕೆಟ್ಟಿಲ್ಲದ ಹುಡುಗನನ್ನು ಹಿಡಿದಿದ್ದಾಳೆ.
ದಂಡದ ಚೀಟಿ ಬರೆದಳು, ಗಂಭೀರವಾಗಿ,
ಮಡಚಿ ತನ್ನ ಜೇಬಿಗೇ ಹಾಕಿಕೊಂಡಳು.
ಇಳಿಯುವ ಗಡಿಬಿಡಿಯಲ್ಲಿ ಕಂಬಕ್ಕೆ ಡಿಕ್ಕಿ ಹೊಡೆದು
‘ಕ್ಷಮಿಸಿ’ ಅಂದಳು,
ಕಂಬಕ್ಕೆ.

ಸೈಮಿ, ಸ್ವಲ್ಪ ಹಿಂದಕ್ಕೆ ಓಡಿಸೇ.
ಆ ಜೇಬನ್ನೊಮ್ಮೆ ನೋಡಬೇಕು.